ಲುಕ್ರೀಷಿಯಸನ ಕಾವ್ಯ ಉಳಿದುಬಂದ ಬಗೆ

ಪ್ರಾಚೀನ ರೋಮಿನ ಕಾವ್ಯಗಳೆಲ್ಲಕ್ಕೂ ಒಂದೇ ಬಗೆಯ ಭಾಗ್ಯ ಒದಗಲಿಲ್ಲ. ವರ್ಜಿಲ್ ಮಹಾಕವಿಯ ‘ಈನಿಯಡ್’ ಹುಟ್ಟಿದಂದಿನಿಂದಲೇ ಪಾಠಶಾಲೆಗಳ ಪಠ್ಯವಾಯಿತು, ಕ್ರಿ.ಶ. ೪ರಿಂದ ೬ನೆಯ ಶತಮಾನಗಳ ನಡುವೆ ಬರೆದ ಅದರ ಪ್ರತಿಗಳು ಹಲವು ಇಂದಿಗೂ ಇವೆ. ಅವನಿಗಿಂತ ಹಿಂದಿನ ಎನ್ನಿಯಸ್ ಕವಿ ಹದಿನೆಂಟು ಕಾಂಡಗಳಲ್ಲಿ ರಚಿಸಿದ ‘ಅನ್ನಾಲೆಸ್’ ಎಂಬ ವೀರಕಾವ್ಯವಾದರೋ ನಷ್ಟವಾಗಿಹೋಯಿತು. ಇತರ ಗ್ರಂಥಕಾರರು ಅಲ್ಲಲ್ಲಿ ಉದ್ಧರಿಸಿರುವ ಸುಮಾರು ಆರುನೂರು ಸಾಲುಗಳಷ್ಟೇ ಅದರಿಂದ ಉಳಿದಿವೆ. ಈ ಎರಡು ಗತಿಗಳ ನಡುವೆ, ಅಳಿವಿನ ಅಂಚಿನವರೆಗೆ ಹೋಗಿ ಮರಳಿದ ಕಾವ್ಯವೊಂದುಂಟು. ಅದೇ ಲುಕ್ರೀಷಿಯಸ್ ಕವಿಯ ‘ದೆ ರೇರುಮ್ ನಾತೂರಾ’, ಎಂದರೆ ‘ವಸ್ತುಸ್ವಭಾವವನ್ನು ಕುರಿತು’. ಇದು ಉಳಿದುಬಂದ ಕಥೆ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಒಂದು ಪಾಠದಂತಿದೆ. ಅದಕ್ಕಿಂತ ಹೆಚ್ಚಾಗಿ, ಈ ಕಾವ್ಯವನ್ನು ಕಾಪಾಡಿದವರಲ್ಲಿ ಬಹುಮಂದಿ ಅದರ ಸಿದ್ಧಾಂತವನ್ನು ಒಪ್ಪದವರೇ ಆಗಿದ್ದರೆಂಬುದು ವಿಚಾರಾರ್ಹವಾದ ಸಂಗತಿ.

ಕವಿ ಮತ್ತು ಕಾವ್ಯ

ಲುಕ್ರೀಷಿಯಸ್ ಕ್ರಿ.ಪೂ. ಒಂದನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಳಿದವನು. ಅವನ ಜೀವನಚರಿತ್ರೆ ಏನೂ ತಿಳಿಯದೆಂದೇ ಹೇಳಬೇಕು. ಕ್ರಿ.ಪೂ. ೫೪ರಲ್ಲಿ ಸಿಸೆರೊ ತನ್ನ ತಮ್ಮನಿಗೆ ಬರೆದ ಓಲೆಯೊಂದರಲ್ಲಿ ಈ ಕಾವ್ಯದ ಪ್ರಸ್ತಾಪವಿದೆ; ಸಮಕಾಲೀನವೆನ್ನಬಹುದಾದ ಮುಖ್ಯ ಸಾಕ್ಷ್ಯ ಅದೊಂದೇ. ಸುಮಾರು ನಾಲ್ಕೂವರೆ ಶತಮಾನಗಳ ಅನಂತರ ಸಂತ ಜೆರೋಮ್ ತನ್ನ ಕಾಲಾನುಕ್ರಮಣಿಕೆಯಲ್ಲಿ, ಕವಿ ವಶೀಕರಣದ ಮದ್ದಿನಿಂದ ಹುಚ್ಚನಾಗಿ, ಬುದ್ಧಿ ತಿಳಿಯಾದ ಹೊತ್ತಿನಲ್ಲಿ ಕಾವ್ಯ ಬರೆದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡನೆಂದು ಬರೆದಿದ್ದಾನೆ. ದೈವವನ್ನು ನಿರಾಕರಿಸಿದವನಿಗೆ ಇಂಥ ಕೊನೆಯನ್ನು ಕಲ್ಪಿಸುವುದು ಲೋಕದ ರೂಢಿ; ಆದಕಾರಣ ವಿದ್ವಾಂಸರು ಈ ಮಾತಿಗೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

ಕಾವ್ಯವು ಆರು ಕಾಂಡಗಳದು. ಒಟ್ಟು ಸುಮಾರು ಏಳು ಸಾವಿರದ ನಾನೂರು ಸಾಲುಗಳು. ವೀರಕಾವ್ಯಗಳಿಗೆ ಮೀಸಲಾಗಿದ್ದ ಆರು ಗಣಗಳ ಹೆಕ್ಸಾಮೀಟರ್ ಛಂದಸ್ಸಿನಲ್ಲಿಯೇ ಇದನ್ನು ರಚಿಸಲಾಗಿದೆ. ಆದರೆ ಇಲ್ಲಿ ಯುದ್ಧವಿಲ್ಲ, ರಾಜವಂಶವಿಲ್ಲ. ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನ (ಕ್ರಿ.ಪೂ. ೩೪೧–೨೭೦) ಸಿದ್ಧಾಂತವೇ ಇದರ ವಸ್ತು. ಲೋಕವೆಲ್ಲ ಪರಮಾಣುಗಳಿಂದಲೂ ಶೂನ್ಯದಿಂದಲೂ ಆದದ್ದು, ಜೀವವೂ ಪರಮಾಣುಗಳ ಕೂಟವೇ ಆದುದರಿಂದ ದೇಹದೊಡನೆ ಅದೂ ಅಳಿಯುವುದು, ದೇವತೆಗಳು ಇರಬಹುದು, ಆದರೆ ಅವರು ಲೋಕವ್ಯಾಪಾರದಲ್ಲಿ ಕೈಯಿಡುವವರಲ್ಲ, ಇದನ್ನರಿತವನಿಗೆ ಮರಣಭಯವಿಲ್ಲ. ಇದು ಕಾವ್ಯದ ಸಾರ. ಒಣ ತತ್ತ್ವವನ್ನು ಪದ್ಯದಲ್ಲಿ ಹೇಳುವುದೇಕೆಂಬುದಕ್ಕೆ ಕವಿ ಒಂದು ಉಪಮೆಯನ್ನು ಕೊಡುತ್ತಾನೆ: ಮಕ್ಕಳಿಗೆ ಕಹಿ ಮದ್ದು ಕುಡಿಸುವ ವೈದ್ಯರು ಬಟ್ಟಲಿನ ಅಂಚಿಗೆ ಜೇನು ಸವರುವಂತೆ ತಾನು ಕಾವ್ಯದ ಜೇನನ್ನು ಸವರಿರುವುದಾಗಿ ಅವನ ಸಮರ್ಥನೆ. ಇನ್ನೊಂದೆಡೆ, ಅವೇ ಅಕ್ಷರಗಳು ಸ್ಥಾನ ಪಲ್ಲಟವಾದರೆ ಬೇರೆ ಬೇರೆ ಪದಗಳಾಗುವಂತೆ ಅವೇ ಪರಮಾಣುಗಳು ಬೇರೆ ಬೇರೆ ವಸ್ತುಗಳಾಗುತ್ತವೆಂದು ಅವನು ವಿವರಿಸುತ್ತಾನೆ. ಅಕ್ಷರವೊಂದು ಸ್ಥಳ ಬದಲಿಸಿದರೆ ಅರ್ಥವೇ ಬದಲಾಗುವುದೆಂದು ಹೇಳಿದ ಈ ಕಾವ್ಯವೇ ಮುಂದೆ ಅಂಥ ಅಕ್ಷರದೋಷಗಳಿಗೆ ಸಾವಿರ ಕಡೆ ತುತ್ತಾಯಿತು.

ತೊಗಲಿನ ಹಾಳೆಗೆ ಏರಿದ ಕಾವ್ಯ

ರೋಮನರ ಪುಸ್ತಕಗಳು ಮೊದಲಲ್ಲಿ ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಸುರುಳಿಗಳಾಗಿದ್ದವು. ತೇವವುಳ್ಳ ನಾಡುಗಳಲ್ಲಿ ಅಂಥ ಸುರುಳಿ ಬಹುಕಾಲ ಬಾಳಲಾರದು. ಕ್ರಿ.ಶ. ೨ರಿಂದ ೫ನೆಯ ಶತಮಾನದ ವರೆಗೆ ಸುರುಳಿಯ ಬದಲು ಹಾಳೆಗಳನ್ನು ಹೊಲಿದ ಪುಸ್ತಕವು ಕ್ರಮವಾಗಿ ಬಳಕೆಗೆ ಬಂದಿತು. ಬರೆಯಲು ಹದಮಾಡಿದ ತೊಗಲು ಪಪೈರಸ್ಸಿನ ಸ್ಥಾನವನ್ನು ಪಡೆಯಿತು. ಹೀಗೆ ಹೊಸ ಪುಸ್ತಕಕ್ಕೆ ಏರದೆ ಉಳಿದ ಗ್ರಂಥಗಳಲ್ಲಿ ಬಹುಪಾಲು ಸುರುಳಿಗಳೊಡನೆಯೇ ಅಳಿದುಹೋದವು. ತೊಗಲು ಅಗ್ಗದ ವಸ್ತುವಲ್ಲ. ಒಂದು ದೊಡ್ಡ ಪುಸ್ತಕಕ್ಕೆ ಕುರಿ ಕರುಗಳ ಒಂದು ಹಿಂಡೇ ಬೇಕಾಗುತ್ತಿತ್ತು. ಆದ್ದರಿಂದ ಯಾವುದನ್ನು ಬರೆಯಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಅನಿವಾರ್ಯವಾಗಿತ್ತು.

ಈ ಆಯ್ಕೆ ನಡೆದದ್ದು ಕ್ರೈಸ್ತಮತವು ಪ್ರಬಲವಾದ ಕಾಲದಲ್ಲಿ. ಲ್ಯಾಕ್ಟಾಂಟಿಯಸನಂಥ ಕ್ರೈಸ್ತ ಲೇಖಕರು ಲುಕ್ರೀಷಿಯಸನನ್ನು ಓದಿದ್ದರು, ಉದ್ಧರಿಸಿದ್ದರು, ಖಂಡಿಸಿಯೂ ಇದ್ದರು. ಎದುರಾಳಿಯ ಬಾಯಲ್ಲಿ ಪೂರ್ವಪಕ್ಷವಾಗಿ ಮಾತ್ರ ಉಳಿಯುವ ಗತಿ ಇದಕ್ಕೂ ಬರಬಹುದಾಗಿತ್ತು. ನಮ್ಮ ದೇಶದ ಚಾರ್ವಾಕರ ಮೂಲಸೂತ್ರಗಳಿಗೆ ಒದಗಿದ ಗತಿ ಅದೇ. ಎಪಿಕ್ಯೂರಸನ ಸ್ಥಿತಿಯೂ ಹೆಚ್ಚು ಭಿನ್ನವಲ್ಲ: ಅವನು ಸುಮಾರು ಮುನ್ನೂರು ಸುರುಳಿಗಳಷ್ಟು ಬರೆದಿದ್ದನೆಂದು ಹೇಳಿಕೆಯಿದ್ದರೂ, ಡಯೊಜಿನೀಸ್ ಲಾಯರ್ಟಿಯಸ್ ಎಂಬ ಚರಿತ್ರಕಾರನು ತನ್ನ ಗ್ರಂಥದಲ್ಲಿ ಸೇರಿಸಿಕೊಂಡ ಮೂರು ಓಲೆಗಳು, ಕೆಲವು ಸೂತ್ರವಾಕ್ಯಗಳು ಹಾಗೂ ಚೂರುಪಾರುಗಳು ಮಾತ್ರ ಇಂದು ದೊರೆಯುತ್ತವೆ. ಗುರುವಿನ ಗ್ರಂಥಗಳು ಹೋಗಿ ಶಿಷ್ಯನ ಕಾವ್ಯ ಇಡಿಯಾಗಿ ಉಳಿದದ್ದು ಸೋಜಿಗವೇ ಸರಿ.

ಸನ್ಯಾಸಿಗಳ ಲೇಖನಿ

ಈಗ ದೊರೆಯುವ ಅತಿ ಪ್ರಾಚೀನ ಪ್ರತಿಗಳು ಎರಡು. ಎರಡೂ ೯ನೆಯ ಶತಮಾನದವು. ಒಂದು ಉದ್ದನೆಯ ಆಕಾರದ್ದಾದುದರಿಂದ ಅದಕ್ಕೆ ‘ಒಬ್ಲಾಂಗಸ್’ ಎಂದೂ, ಇನ್ನೊಂದು ಚೌಕಾಕಾರದ್ದಾದುದರಿಂದ ‘ಕ್ವಾಡ್ರಾಟಸ್’ ಎಂದೂ ಹೆಸರು ಬಂದಿದೆ. ಇವುಗಳ ಜೊತೆಗೆ ಅದೇ ಶತಮಾನದ ಮತ್ತೊಂದು ಪ್ರತಿಯ ಬಿಡಿಹಾಳೆಗಳು ಕೋಪನ್‌ಹೇಗನ್ ಮತ್ತು ವಿಯೆನ್ನಾ ನಗರಗಳಲ್ಲಿವೆ.

ಚಕ್ರವರ್ತಿ ಶಾರ್ಲಮಾನನ ಕಾಲದಲ್ಲಿ ವಿದ್ಯಾಭ್ಯಾಸಕ್ಕೆ ದೊರೆತ ಪ್ರೋತ್ಸಾಹವೇ ಈ ಪ್ರತಿಗಳ ಹುಟ್ಟಿಗೆ ಕಾರಣ. ೭೮೯ರಲ್ಲಿ ಅವನು ಹೊರಡಿಸಿದ ಶಾಸನವು ಮಠಗಳಲ್ಲಿಯೂ ಧರ್ಮಪೀಠಗಳಲ್ಲಿಯೂ ಶಾಲೆಗಳನ್ನು ನಡೆಸಬೇಕೆಂದೂ, ಪುಸ್ತಕಗಳನ್ನು ತಿದ್ದಿ ಶುದ್ಧವಾಗಿಡಬೇಕೆಂದೂ ವಿಧಿಸಿತು. ಧರ್ಮಗ್ರಂಥವನ್ನು ಸರಿಯಾಗಿ ಓದಬೇಕಾದರೆ ಶುದ್ಧ ಲ್ಯಾಟಿನ್ ಬೇಕು. ಶುದ್ಧ ಲ್ಯಾಟಿನ್ ಬೇಕಾದರೆ ಹಳೆಯ ಕವಿಗಳು ಬೇಕು. ಈ ದಾರಿಯಿಂದ ಅನ್ಯಮತೀಯರ ಕಾವ್ಯಗಳೂ ಕ್ರೈಸ್ತ ಸನ್ಯಾಸಿಗಳ ಬರವಣಿಗೆಯ ಮೇಜಿಗೆ ಬಂದವು.

ಒಬ್ಲಾಂಗಸ್ ಪ್ರತಿಯಲ್ಲಿ ಮೂಲ ಲಿಪಿಕಾರನ ತಪ್ಪುಗಳನ್ನು ಅದೇ ಕಾಲದ ಮತ್ತೊಂದು ಕೈ ತಿದ್ದಿದೆ; ಬಿಟ್ಟುಹೋದ ಸಾಲುಗಳನ್ನು ತುಂಬಿದೆ. ಈ ಕೈ ದುಂಗಲ್ ಎಂಬ ಐರ್ಲೆಂಡಿನ ವಿದ್ವಾಂಸನದೆಂದು ಪ್ರಾಚೀನ ಲಿಪಿಗಳ ತಜ್ಞರಾದ ಬೆರ್ನ್‌ಹಾರ್ಡ್ ಬಿಷೋಫ್ ಗುರುತಿಸಿದರು. ದುಂಗಲ್ ಎಂಬ ಹೆಸರಿನ ಸನ್ಯಾಸಿಯೊಬ್ಬನು ೮೧೦ರ ಸೂರ್ಯಗ್ರಹಣಗಳ ವಿಷಯವಾಗಿ ಶಾರ್ಲಮಾನನ ಪ್ರಶ್ನೆಗೆ ೮೧೧ರಲ್ಲಿ ಉತ್ತರ ಬರೆದು ಕಳುಹಿಸಿದ್ದನು. ಲುಕ್ರೀಷಿಯಸನ ಐದನೆಯ ಕಾಂಡದಲ್ಲಿಯೂ ಗ್ರಹಣಗಳ ಕಾರಣವಿಚಾರ ಬರುತ್ತದೆ. ಜೀವ ನಶ್ವರವೆಂದು ಸಾರುವ ಕಾವ್ಯದಲ್ಲಿ ತಪ್ಪಿಹೋದ ಸಾಲನ್ನು, ಜೀವ ಶಾಶ್ವತವೆಂದು ನಂಬಿದ ಒಬ್ಬ ವಿದ್ವಾಂಸನು ಶ್ರದ್ಧೆಯಿಂದ ಸೇರಿಸಿ ಬರೆದನು. ಅವನು ಕವಿಯ ಮತವನ್ನು ಒಪ್ಪಿದನೆಂದು ಇದರಿಂದ ತಿಳಿಯಬೇಕಾಗಿಲ್ಲ. ಲಿಪಿಕಾರನ ಧರ್ಮವನ್ನು ಅವನು ನೆರವೇರಿಸಿದನು.

ಇದಾದ ಮೇಲೆ ಸುಮಾರು ಐದು ಶತಮಾನಗಳ ಕಾಲ ಕಾವ್ಯ ಬಹುಮಟ್ಟಿಗೆ ನಿದ್ರಾವಸ್ಥೆಯಲ್ಲಿತ್ತು. ಪ್ರತಿಗಳು ಕಪಾಟಿನಲ್ಲಿದ್ದವು, ಓದುವವರಿರಲಿಲ್ಲ. ಓದುವವರಿಲ್ಲದ ಪುಸ್ತಕಕ್ಕೆ ಬೆಂಕಿ, ನೀರು, ಇಲಿಗಳಿಗಿಂತಲೂ ಹೆಚ್ಚಿನ ಅಪಾಯವೊಂದುಂಟು: ಅಕ್ಷರಗಳನ್ನು ಹೆರೆದು, ಅದೇ ತೊಗಲಿನ ಮೇಲೆ ಬೇರೆ ಗ್ರಂಥ ಬರೆಯುವುದು. ಇವೆರಡು ಪ್ರತಿಗಳು ಆ ಅಪಾಯದಿಂದ ಪಾರಾದವು.

ಪೋಜ್ಜೊನ ಶೋಧ

ಪೋಜ್ಜೊ ಬ್ರಾಚ್ಚೊಲೀನಿ (೧೩೮೦–೧೪೫೯) ಪೋಪರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದವನು. ಅತಿ ಸುಂದರವಾದ ಕೈಬರಹದವನು. ೧೪೧೪ರಿಂದ ೧೪೧೮ರ ವರೆಗೆ ಕಾನ್‌ಸ್ಟಾನ್ಸ್ ನಗರದಲ್ಲಿ ನಡೆದ ಧರ್ಮಮಹಾಸಭೆಗೆ ಅವನೂ ಹೋಗಿದ್ದನು. ೧೪೧೫ರಲ್ಲಿ ಅವನ ಯಜಮಾನನಾದ ಪೋಪ್ ಪದಚ್ಯುತನಾದುದರಿಂದ ಪೋಜ್ಜೊನಿಗೆ ಕೆಲಸವಿಲ್ಲದೆ ಹೋಯಿತು. ಆ ಬಿಡುವಿನಲ್ಲಿ ಅವನು ಸುತ್ತಣ ಮಠಗಳ ಪುಸ್ತಕ ಭಂಡಾರಗಳನ್ನು ಶೋಧಿಸತೊಡಗಿದನು. ೧೪೧೬ರಲ್ಲಿ ಸೇಂಟ್ ಗಾಲ್ ಮಠದಲ್ಲಿ ಕ್ವಿಂಟಿಲಿಯನನ ಅಲಂಕಾರಗ್ರಂಥದ ಪೂರ್ಣಪ್ರತಿ ಅವನಿಗೆ ದೊರೆಯಿತು. ೧೪೧೭ರಲ್ಲಿ ಜರ್ಮನ್ ಸೀಮೆಯ ಮಠವೊಂದರಲ್ಲಿ ಲುಕ್ರೀಷಿಯಸನ ಕಾವ್ಯ ಕಣ್ಣಿಗೆ ಬಿದ್ದಿತು.

ಮೂಲಪುಸ್ತಕವನ್ನು ಒಯ್ಯಲು ಆಗದೆ ಪೋಜ್ಜೊ ಅದರ ನಕಲನ್ನು ಬರೆಯಿಸಿದನು. ಆ ನಕಲು ಫ್ಲಾರೆನ್ಸ್ ನಗರದಲ್ಲಿದ್ದ ಅವನ ಗೆಳೆಯ ನಿಕ್ಕೊಲೊ ನಿಕ್ಕೊಲಿಯ ಕೈ ಸೇರಿತು. ನಿಕ್ಕೊಲಿ ಅದನ್ನು ಹತ್ತು ವರ್ಷಗಳಿಗೂ ಮೀರಿ ತನ್ನಲ್ಲಿಯೇ ಇಟ್ಟುಕೊಂಡನು. ಪುಸ್ತಕವನ್ನು ಹಿಂದಿರುಗಿಸೆಂದು ಪೋಜ್ಜೊ ಅವನಿಗೆ ಮತ್ತೆ ಮತ್ತೆ ಬರೆದ ಓಲೆಗಳು ಇಂದಿಗೂ ಇವೆ. ಎರವಲು ಕೊಟ್ಟ ಪುಸ್ತಕಕ್ಕಾಗಿ ಕಾಯುವ ಸಂಕಟ ಎಲ್ಲ ಕಾಲದಲ್ಲಿಯೂ ಒಂದೇ ಎಂಬುದನ್ನು ಆ ಓಲೆಗಳಿಂದ ತಿಳಿಯಬಹುದು. ಆದರೆ ಈ ವಿಳಂಬದಿಂದ ಒಂದು ಲಾಭವೂ ಆಯಿತು. ನಿಕ್ಕೊಲಿ ತನ್ನ ಕೈಯಾರೆ ಕಾವ್ಯವನ್ನೆಲ್ಲ ಪ್ರತಿ ಮಾಡಿಕೊಂಡನು. ಪೋಜ್ಜೊ ಕಂಡ ಮೂಲಪುಸ್ತಕವೂ, ಅವನು ಬರೆಯಿಸಿದ ನಕಲೂ ಈಗ ಇಲ್ಲ. ನಿಕ್ಕೊಲಿಯ ಪ್ರತಿ ಮಾತ್ರ ಫ್ಲಾರೆನ್ಸಿನ ಲಾರೆನ್ಷಿಯನ್ ಗ್ರಂಥಾಲಯದಲ್ಲಿ ಭದ್ರವಾಗಿದೆ. ಈ ಒಂದು ಶೋಧದ ಸಂತತಿಯಾಗಿ ಇಟಲಿಯಲ್ಲಿ ಐವತ್ತಕ್ಕೂ ಹೆಚ್ಚು ಪ್ರತಿಗಳು ಹುಟ್ಟಿದವು. ರಾಜನೀತಿಜ್ಞನಾಗಿ ಪ್ರಸಿದ್ಧನಾದ ಮಾಕಿಯವೆಲ್ಲಿ ತನ್ನ ಯೌವನದಲ್ಲಿ ಸ್ವಹಸ್ತದಿಂದ ಬರೆದುಕೊಂಡ ಪ್ರತಿಯು ವ್ಯಾಟಿಕನ್ ಗ್ರಂಥಾಲಯದಲ್ಲಿದೆ.

ಇಲ್ಲಿ ಲಿಪಿಯ ವಿಷಯವನ್ನೂ ಗಮನಿಸಬೇಕು. ಶಾರ್ಲಮಾನನ ಕಾಲದ ಲಿಪಿ ದುಂಡಾಗಿ, ಬಿಡಿಬಿಡಿಯಾಗಿ, ಓದಲು ಸುಲಭವಾಗಿತ್ತು. ಪೋಜ್ಜೊ ಮತ್ತು ಅವನ ಗೆಳೆಯರು ಹಳೆಯ ಪುಸ್ತಕಗಳಲ್ಲಿ ಕಂಡ ಈ ಲಿಪಿಯನ್ನೇ ಅನುಸರಿಸಿ ತಮ್ಮ ಬರವಣಿಗೆಯನ್ನು ರೂಪಿಸಿಕೊಂಡರು. ಮುಂದೆ ಇಟಲಿಯ ಮುದ್ರಕರು ಅಚ್ಚಿನ ಮೊಳೆಗಳನ್ನು ಕೊರೆಯುವಾಗ ಆ ಬರವಣಿಗೆಯನ್ನೇ ಮಾದರಿಯಾಗಿ ತೆಗೆದುಕೊಂಡರು. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ರೋಮನ್ ಅಚ್ಚಿನ ಚಿಕ್ಕಕ್ಷರಗಳು ಹೀಗೆ ೯ನೆಯ ಶತಮಾನದ ಮಠಗಳ ಲೇಖನಿಗೆ ಋಣಿಯಾಗಿವೆ.

ಅಚ್ಚಿನ ಮನೆಯಲ್ಲಿ

ಲುಕ್ರೀಷಿಯಸನನ್ನು ಮೊದಲು ಅಚ್ಚು ಮಾಡಿದವನು ಬ್ರೆಷಿಯಾ ನಗರದ ತೊಮ್ಮಾಸೊ ಫೆರ್ರಾಂದೊ; ಕಾಲ ಸುಮಾರು ೧೪೭೩. ಬಳಿಕ ೧೪೮೬ರಲ್ಲಿ ವೆರೋನಾದಲ್ಲಿಯೂ, ೧೪೯೫ರಲ್ಲಿ ವೆನಿಸ್ಸಿನಲ್ಲಿಯೂ ಮುದ್ರಣಗಳಾದವು. ಮುದ್ರಣದಿಂದ ಕಾವ್ಯವು ಅಳಿವಿನ ಭಯದಿಂದ ಪಾರಾಯಿತೆಂಬುದು ನಿಜ. ನೂರಾರು ಪ್ರತಿಗಳು ಊರೂರಿಗೆ ಹರಡಿದ ಮೇಲೆ ಒಂದು ಬೆಂಕಿಯಿಂದ ಎಲ್ಲವೂ ಹೋಗುವಂತಿಲ್ಲ. ಆದರೆ ಅಚ್ಚಾದ ಮಾತ್ರಕ್ಕೆ ಪಾಠ ಶುದ್ಧವಾಗುವುದಿಲ್ಲ. ಲಿಪಿಕಾರನ ತಪ್ಪು ಒಂದು ಪ್ರತಿಯಲ್ಲಿದ್ದರೆ, ಮುದ್ರಕನ ತಪ್ಪು ಎಲ್ಲ ಪ್ರತಿಗಳಲ್ಲಿಯೂ ಒಂದೇ ಸ್ಥಳದಲ್ಲಿ ನಿಲ್ಲುತ್ತದೆ. ಅಚ್ಚಿನಲ್ಲಿದೆಯೆಂಬ ಕಾರಣದಿಂದ ಅದಕ್ಕೆ ಪ್ರಾಮಾಣ್ಯವೂ ಬಂದುಬಿಡುತ್ತದೆ. ಮೊದಲ ಮುದ್ರಣಗಳು ಕೈಗೆ ಸಿಕ್ಕಿದ ಪ್ರತಿಯನ್ನು ಅನುಸರಿಸಿದಂಥವು. ಅನೇಕ ಕಡೆ ಛಂದಸ್ಸೂ ಅರ್ಥವೂ ಕೆಟ್ಟಿದ್ದವು.

ತಿದ್ದುವ ಕಾರ್ಯ ಗಂಭೀರವಾಗಿ ಆರಂಭವಾದದ್ದು ೧೫೦೦ರ ಸುಮಾರಿಗೆ. ಆ ವರ್ಷ ವೆನಿಸ್ಸಿನ ಪ್ರಸಿದ್ಧ ಮುದ್ರಕ ಆಲ್ಡಸ್ ಮನೂಟಿಯಸ್, ಅವಾನ್ಸಿ ಎಂಬ ವಿದ್ವಾಂಸನಿಂದ ಪಾಠವನ್ನು ತಿದ್ದಿಸಿ ಹೊಸ ಮುದ್ರಣವನ್ನು ಹೊರತಂದನು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ, ದೇಶಭ್ರಷ್ಟನಾಗಿ ಇಟಲಿಯಲ್ಲಿ ನೆಲಸಿದ್ದ ಗ್ರೀಕ್ ಕವಿ ಮಾರುಲ್ಲೊ ಚೇಚಿನಾ ನದಿಯನ್ನು ದಾಟುವಾಗ ಮುಳುಗಿ ಸತ್ತನು. ಲುಕ್ರೀಷಿಯಸನ ಪಾಠದ ಮೇಲೆ ಅವನು ಬಹಳ ದುಡಿದಿದ್ದನು. ಅವನ ತಿದ್ದುಪಡಿಗಳು ಅವನೊಡನೆ ಮುಳುಗಲಿಲ್ಲ. ಫ್ಲಾರೆನ್ಸಿನ ಜುಂಟಾ ಮುದ್ರಣಾಲಯದಿಂದ ೧೫೧೨–೧೩ರಲ್ಲಿ ಬಂದ ಆವೃತ್ತಿಯಲ್ಲಿ ಅವು ಸೇರಿದವು. ಆಲ್ಡಸ್ ೧೫೧೫ರ ಜನವರಿಯಲ್ಲಿ ನವಾಜೇರೊ ಎಂಬ ವಿದ್ವಾಂಸನು ಸಂಪಾದಿಸಿದ ಮತ್ತೊಂದು ಲುಕ್ರೀಷಿಯಸನನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಗಾತ್ರದಲ್ಲಿ, ಓರೆಯಕ್ಷರಗಳಲ್ಲಿ ಅಚ್ಚು ಮಾಡಿದನು, ಮರುತಿಂಗಳೇ ತೀರಿಕೊಂಡನು. ಈ ಕವಿ ಹೇಳುವುದರಲ್ಲಿ ಧರ್ಮಕ್ಕೆ ವಿರುದ್ಧವಾದ ಅಸತ್ಯಗಳಿವೆಯೆಂದು ಮುನ್ನುಡಿಯಲ್ಲಿ ಎಚ್ಚರಿಸಿಯೇ ಅವನು ಪುಸ್ತಕವನ್ನು ಓದುಗರ ಕೈಗಿತ್ತನು.

ಆ ಎಚ್ಚರಿಕೆ ಕಾರಣವಿಲ್ಲದ್ದಲ್ಲ. ಮುಂದಿನ ವರ್ಷ ಆರಂಭವಾದ ಫ್ಲಾರೆನ್ಸಿನ ಧರ್ಮಸಭೆ ಶಾಲೆಗಳಲ್ಲಿ ಲುಕ್ರೀಷಿಯಸನನ್ನು ಓದಿಸಬಾರದೆಂದು ವಿಧಿಸಿತು. ಆದರೂ ಲ್ಯಾಟಿನ್ ಮೂಲವನ್ನು ರೋಮಿನ ನಿಷೇಧಪಟ್ಟಿಗೆ ಸೇರಿಸಲಿಲ್ಲ. ಪಂಡಿತರು ಓದಿದರೆ ಕೇಡಿಲ್ಲ, ಸಾಮಾನ್ಯರು ಓದಬಾರದು ಎಂಬುದು ಆ ಕಾಲದ ನಿಲುವು. ಮಾರ್ಕೆಟ್ಟಿ ಎಂಬವನು ಮಾಡಿದ ಇಟಾಲಿಯನ್ ಅನುವಾದವು ಅವನ ಮರಣಾನಂತರ ೧೭೧೭ರಲ್ಲಿ ದೂರದ ಲಂಡನ್ನಿನಲ್ಲಿ ಅಚ್ಚಾಗಿ, ೧೭೧೮ರಲ್ಲಿ ನಿಷೇಧಪಟ್ಟಿಯನ್ನು ಸೇರಿದ್ದು ಈ ನಿಲುವಿಗೆ ನಿದರ್ಶನ. ಇಂಗ್ಲೆಂಡಿನಲ್ಲಿ ಲೂಸಿ ಹಚಿನ್‌ಸನ್ ಎಂಬ ಧರ್ಮನಿಷ್ಠ ಮಹಿಳೆ ೧೭ನೆಯ ಶತಮಾನದ ಮಧ್ಯಭಾಗದಲ್ಲಿ ಇಡೀ ಕಾವ್ಯವನ್ನು ಪದ್ಯದಲ್ಲಿ ಅನುವಾದಿಸಿದಳು. ಅನಂತರ ಅದರ ನಾಸ್ತಿಕತೆಯನ್ನು ಕಠಿಣವಾಗಿ ನಿಂದಿಸಿದಳು. ಆದರೂ ಹಸ್ತಪ್ರತಿಯನ್ನು ಸುಡಲಿಲ್ಲ. ಅದು ೧೯೯೬ರಲ್ಲಿ ಮೊದಲ ಸಲ ಅಚ್ಚಾಯಿತು.

ಪಾಠಶೋಧನೆಯಲ್ಲಿ ದೊಡ್ಡ ಹೆಜ್ಜೆಯನ್ನಿಟ್ಟವನು ಫ್ರಾನ್ಸಿನ ದೆನಿ ಲಾಂಬೆನ್, ಲ್ಯಾಟಿನ್ ರೂಪದಲ್ಲಿ ಲಂಬೀನಸ್. ೧೫೬೩ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಅವನ ಆವೃತ್ತಿ ವಿಸ್ತಾರವಾದ ವ್ಯಾಖ್ಯಾನವನ್ನುಳ್ಳದ್ದು. ಸೇಂಟ್ ಬರ್ತಿನ್ ಮಠದಲ್ಲಿದ್ದ ಕ್ವಾಡ್ರಾಟಸ್ ಪ್ರತಿಯ ಪಾಠಗಳನ್ನು ಅವನು ಬಳಸಿಕೊಂಡನು. ಪ್ರಸಿದ್ಧ ಪ್ರಬಂಧಕಾರ ಮೊಂತೇನ್ ಈ ಆವೃತ್ತಿಯನ್ನು ಓದಿ ತುಂಬ ಟಿಪ್ಪಣಿಗಳನ್ನು ಬರೆದಿಟ್ಟ ಪ್ರತಿ ಈಚೆಗೆ, ೧೯೮೯ರಲ್ಲಿ ಬೆಳಕಿಗೆ ಬಂದಿತು.

ಹರಿದ ಹಾಳೆಯ ಲೆಕ್ಕ

ಒಬ್ಲಾಂಗಸ್ ಮತ್ತು ಕ್ವಾಡ್ರಾಟಸ್ ಎರಡೂ ಕಾಲಕ್ರಮದಲ್ಲಿ ಐಸಾಕ್ ವೋಸಿಯಸ್ ಎಂಬ ಪಂಡಿತನ ಸಂಗ್ರಹಕ್ಕೆ ಬಂದವು. ಅವನ ಮರಣಾನಂತರ, ೧೬೯೦ರಲ್ಲಿ, ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯವು ಆ ಸಂಗ್ರಹವನ್ನು ಕೊಂಡಿತು. ಅವುಗಳ ನಿಜವಾದ ಬೆಲೆ ತಿಳಿಯಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ೧೮೪೭ರಲ್ಲಿ ಯಾಕೊಬ್ ಬರ್ನೇಸ್ ಪ್ರತಿಗಳ ಪರಸ್ಪರ ಸಂಬಂಧವನ್ನು ನಿರೂಪಿಸಿದರು. ೧೮೫೦ರಲ್ಲಿ ಕಾರ್ಲ್ ಲಾಖ್ಮನ್ ಬರ್ಲಿನ್ನಿನಿಂದ ಪ್ರಕಟಿಸಿದ ಆವೃತ್ತಿಯು ಗ್ರಂಥಸಂಪಾದನೆಯ ಇತಿಹಾಸದಲ್ಲಿಯೇ ಒಂದು ಮೈಲಿಗಲ್ಲಾಯಿತು.

ಲಾಖ್ಮನ್ನರ ತರ್ಕದ ಒಂದು ಭಾಗವನ್ನು ಇಲ್ಲಿ ವಿವರಿಸುವುದು ಉಚಿತ. ಕ್ವಾಡ್ರಾಟಸ್ ಪ್ರತಿಯಲ್ಲಿ ನಾಲ್ಕು ಭಾಗಗಳು ತಮ್ಮ ಸ್ಥಳದಲ್ಲಿ ಇಲ್ಲ. ನಾಲ್ಕೂ ಪುಸ್ತಕದ ಕೊನೆಯಲ್ಲಿ ಒಟ್ಟಿಗೆ ಬರುತ್ತವೆ. ಒಬ್ಲಾಂಗಸ್‌ನಲ್ಲಾದರೋ ಅವು ಸ್ವಸ್ಥಾನದಲ್ಲಿಯೇ ಇವೆ. ಪ್ರತಿಯೊಂದು ಭಾಗವೂ ಸುಮಾರು ಐವತ್ತೆರಡು ಸಾಲುಗಳದು. ಇದರಿಂದ ಏನು ತಿಳಿಯುತ್ತದೆ? ಎರಡಕ್ಕೂ ಮೂಲವಾದ ಮಾತೃಪ್ರತಿ ಒಂದಿತ್ತು. ಒಬ್ಲಾಂಗಸ್ ಬರೆದಾದ ಮೇಲೆ ಅದರ ನಾಲ್ಕು ಹಾಳೆಗಳು ಹೊಲಿಗೆ ಬಿಚ್ಚಿ ಕಳಚಿದವು. ಯಾರೋ ಅವನ್ನು ಕೊನೆಯಲ್ಲಿ ಇಟ್ಟರು. ಅನಂತರದ ಲಿಪಿಕಾರ ಇದ್ದುದನ್ನು ಇದ್ದಂತೆಯೇ ಬರೆದನು. ಅಂದಮೇಲೆ ಮಾತೃಪ್ರತಿಯ ಒಂದು ಹಾಳೆಯಲ್ಲಿ ಐವತ್ತೆರಡು ಸಾಲು. ಒಂದು ಪುಟಕ್ಕೆ ಇಪ್ಪತ್ತಾರು.

ಈ ಲೆಕ್ಕಕ್ಕೆ ಬೇರೊಂದು ಕಡೆಯಿಂದಲೂ ಬೆಂಬಲ ದೊರೆಯಿತು. ಮೊದಲ ಕಾಂಡದ ೧೦೬೮ರಿಂದ ೧೦೭೫ರ ವರೆಗಿನ ಎಂಟು ಸಾಲುಗಳು ಒಬ್ಲಾಂಗಸ್‌ನಲ್ಲಿ ತುದಿ ಮುರಿದು ನಿಂತಿವೆ. ೧೦೯೪ರಿಂದ ೧೧೦೧ರ ವರೆಗಿನ ಎಂಟು ಸಾಲುಗಳು ಯಾವ ಪ್ರತಿಯಲ್ಲಿಯೂ ಇಲ್ಲ. ೧೦೬೮ಕ್ಕೂ ೧೦೯೪ಕ್ಕೂ ನಡುವಣ ಅಂತರ ಸರಿಯಾಗಿ ಇಪ್ಪತ್ತಾರು. ಎಂದರೆ ಒಂದು ಹಾಳೆಯ ಅಂಚು ಹರಿದಿತ್ತು. ಈ ಬದಿಯಲ್ಲಿ ಎಂಟು ಸಾಲುಗಳ ಕೊನೆ ಹೋಯಿತು, ಹಿಂಬದಿಯಲ್ಲಿ ಅದೇ ಎಂಟು ಸಾಲುಗಳ ಜಾಗ ಕೆಟ್ಟಿತು. ಕಣ್ಣಿನಿಂದ ಯಾರೂ ಕಾಣದ, ಸಾವಿರ ವರ್ಷಗಳ ಹಿಂದೆಯೇ ಕಳೆದುಹೋದ ಪುಸ್ತಕದ ಪುಟ ಹೇಗಿತ್ತೆಂಬುದನ್ನು ಲಾಖ್ಮನ್ ಹೀಗೆ ತಪ್ಪುಗಳನ್ನೇ ಸಾಕ್ಷಿಯಾಗಿರಿಸಿ ಹೇಳಿದರು. ಆ ಮಾತೃಪ್ರತಿಯಲ್ಲಿ ೩೦೨ ಪುಟಗಳಿದ್ದವೆಂದೂ ಅವರು ಲೆಕ್ಕ ಹಾಕಿದರು. ಅವರ ಕೆಲವು ಊಹೆಗಳನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದ್ದುಂಟು. ಆದರೆ ಪ್ರತಿಗಳ ಸಂಖ್ಯೆಗಿಂತ ಅವುಗಳ ವಂಶ ಮುಖ್ಯವೆಂಬ ತತ್ತ್ವ ನೆಲೆಗೊಂಡಿತು. ಇಟಲಿಯ ಐವತ್ತು ಪ್ರತಿಗಳು ಒಂದೇ ಪಾಠವನ್ನು ಹೇಳಿದರೂ ಅವೆಲ್ಲ ಪೋಜ್ಜೊ ತರಿಸಿದ ಒಂದೇ ನಕಲಿನ ಮಕ್ಕಳಾದುದರಿಂದ ಸಾಕ್ಷಿ ಒಂದೇ, ಐವತ್ತಲ್ಲ.

ಪೋಜ್ಜೊನ ಶೋಧವನ್ನು ಈ ಬೆಳಕಿನಲ್ಲಿ ತೂಗಬೇಕು. ಅವನೊಬ್ಬನೇ ಕಾವ್ಯವನ್ನು ಉಳಿಸಿದನೆಂಬ ಮಾತು ಜನಪ್ರಿಯವಾಗಿದೆ. ಅವನು ಅದನ್ನು ಓದುಗರ ನಡುವೆ ತಂದನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನು ಕಂಡ ಪುಸ್ತಕ ಹೋಯಿತು. ಅವನು ಕಾಣದ, ಮಠ ಮತ್ತು ಧರ್ಮಪೀಠಗಳ ಕಪಾಟುಗಳಲ್ಲಿದ್ದ ಪ್ರತಿಗಳ ಮೇಲೆಯೇ ಇಂದಿನ ಪಾಠ ನಿಂತಿದೆ. ಲಿಪಿಕಾರ, ಶೋಧಕ, ಮುದ್ರಕ, ಸಂಪಾದಕ ಈ ನಾಲ್ವರಲ್ಲಿ ಯಾರೊಬ್ಬರ ಕೈ ತಪ್ಪಿದ್ದರೂ ಕಾವ್ಯ ಇಂದಿನ ರೂಪದಲ್ಲಿ ದೊರೆಯುತ್ತಿರಲಿಲ್ಲ. ಅವರಲ್ಲಿ ಅನೇಕರಿಗೆ ಕವಿಯ ಮತ ಸಮ್ಮತವಾಗಿರಲಿಲ್ಲ. ಒಪ್ಪದ ಮಾತನ್ನು ಅಳಿಸುವ ಅಧಿಕಾರವೂ ಅವಕಾಶವೂ ಅವರಿಗಿತ್ತು. ಕೆಲವರು ಅಂಚಿನಲ್ಲಿ ಎಚ್ಚರಿಕೆ ಬರೆದರು, ಕೆಲವರು ಮುನ್ನುಡಿಯಲ್ಲಿ ಖಂಡಿಸಿದರು. ಕವಿಯ ಸಾಲನ್ನು ಮಾತ್ರ ಹಾಗೆಯೇ ಬಿಟ್ಟರು.

ಮೊದಲ ಕಾಂಡದ ಆ ಎಂಟು ಸಾಲುಗಳು ಇಂದಿಗೂ ದೊರೆತಿಲ್ಲ. ತುದಿ ಮುರಿದ ಸಾಲುಗಳನ್ನು ಪೂರ್ಣಗೊಳಿಸಲು ವಿದ್ವಾಂಸರು ಊಹೆಯಿಂದ ಯತ್ನಿಸಿದ್ದಾರೆ. ಹಾಗೆ ಊಹಿಸಿದ ಪದಗಳನ್ನು ಕಂಸದಲ್ಲಿಟ್ಟು ತೋರಿಸುತ್ತಾರೆ. ಇಡಿಯಾಗಿ ಹೋದ ಎಂಟು ಸಾಲುಗಳ ಸ್ಥಳದಲ್ಲಿ ಮಾತ್ರ ಒಳ್ಳೆಯ ಆವೃತ್ತಿಗಳಲ್ಲಿ ಗ್ರಂಥಪಾತದ ಗುರುತಿರುತ್ತದೆ, ಸಾಲುಗಳ ಎಣಿಕೆ ೧೦೯೩ರಿಂದ ೧೧೦೨ಕ್ಕೆ ನೆಗೆಯುತ್ತದೆ. ಉಳಿದ ಏಳು ಸಾವಿರಕ್ಕೂ ಮಿಕ್ಕ ಸಾಲುಗಳನ್ನು ಓದುವವರು ಆ ತೆರವನ್ನು ಕಂಡಾಗ ಒಂದು ಕ್ಷಣ ನಿಲ್ಲುವುದು ಒಳ್ಳೆಯದು. ಒಂದು ಹಾಳೆಯ ಅಂಚಿಗೆ ಆದದ್ದು ಇಡೀ ಪುಸ್ತಕಕ್ಕೆ ಆಗಬಹುದಾಗಿತ್ತು.